ಆರಿಸಿ ತೆಗೆದ ನೂರು ಗ್ರಾಂ ಮೇವು

ಮಕ್ಕಳೇ, ಕಳೆದ ರಜೆಯಲ್ಲಿ ನೀವು ಬಂದಿದ್ದಾಗ ಒಂದು ದಿನ ಊಟದ ಹೊತ್ತಿನಲ್ಲಿ ನಿಮ್ಮಪ್ಪ "ನಿಮ್ಮಮ್ಮನ ಬಾಣಲೆ ಆಸ್ಪತ್ರೆ" ಎಂದು ಏನೋ ತಮಾಷೆ ಮಾಡಿದ. ನೀವಿಬ್ಬರೂ ನಕ್ಕಿರಿ. ನಿಮ್ಮಮ್ಮನೂ ನಕ್ಕಳು. ನಮ್ಮ ಮೇವಿನ ಗುಂಡಿ ಕೆಟ್ಟದ್ದು, ನಾಲ್ಕು ಹಸುಗಳು ಈ ಮನೆಯಿಂದ ಹೋದದ್ದು, ಎಲ್ಲಕ್ಕೂ ಕಾರಣ ಅವಳು ಮೇವಿನ ನೀರನ್ನು ತಪ್ಪಾಗಿ ಅಳೆದದ್ದು ಎಂದು ನೀವು ನಂಬಿದ್ದೀರಿ. ಊರೂ ಹಾಗೇ ನಂಬಿದೆ. ಅವಳೂ ತನ್ನ ಅಳತೆಯೇ ಮೋಸ ಮಾಡಿತು ಎಂದುಕೊಂಡಿದ್ದಾಳೆ. ನನಗೆ ತಡೆಯಲಾಗದಿರುವುದು ಅದು.

ಆ ದಿನ ಅಳೆದದ್ದು ನಾನು, ನಿಮ್ಮಜ್ಜಿ. ನೀವಿಬ್ಬರೂ ಆಗ ಮುದ್ದೇನಹಳ್ಳಿಯ ಕಡೆ ಹಾಸ್ಟೆಲ್ಲಿನಲ್ಲಿ ಇದ್ದುದರಿಂದ ನಿಮಗೆ ಗೊತ್ತಾಗಲಿಲ್ಲ. ನಿಮಗೆ ಬಾಯಲ್ಲಿ ಹೇಳಲು ಒಮ್ಮೆ ನೋಡಿದೆ, ಆಗಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹುಳದ ಮನೆ ನಿಮಗೆ ನೆನಪಿರಬೇಕು. ಈಗ ಖಾಲಿ ಕೊಟ್ಟಿಗೆಯಾಗಿ ನಿಂತಿರುವ ಆ ಉದ್ದನೆಯ ಶೀಟಿನ ಮನೆಯೇ ಅದು. ನಾನು ದಿಬ್ಬೂರಹಳ್ಳಿ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದ ಮರುವಾರವೇ ನನ್ನ ಅತ್ತೆ ನನ್ನನ್ನು ಅಲ್ಲಿ ಕೂರಿಸಿ ರೇಷ್ಮೆ ಹುಳಕ್ಕೆ ಸೊಪ್ಪು ಆರಿಸುವುದನ್ನು ಕಲಿಸಿದರು. ಮೊಟ್ಟೆಯಿಂದ ಆಗತಾನೆ ಬಂದ ಎಳೆ ಹುಳಕ್ಕೆ ಕಡ್ಡಿಯ ತುದಿಯಿಂದ ಮೂರನೆಯ, ನಾಲ್ಕನೆಯ ಎಲೆ ಮಾತ್ರ. ಧೂಳು ಕೂತದ್ದು ಬೇಡ, ಹಳದಿಗೆ ತಿರುಗಿದ್ದು ಬೇಡ, ಬಾಡಿದ್ದಂತೂ ಬೇಡವೇ ಬೇಡ. ಕೊಯ್ದ ಸೊಪ್ಪನ್ನು ಒದ್ದೆ ಗೋಣಿತಾಟಿನ ಕೆಳಗೆ ಮುಚ್ಚಿಡಬೇಕು. ತಾಟು ಒಣಗಿತೆಂದರೆ ಮತ್ತೆ ನೀರು ಚಿಮುಕಿಸಬೇಕು. "ಬಾಡಿದೆಲೆ ಹಾಕಿದ ಕೈಗೆ ಹುಳ ಗೂಡು ಕಟ್ಟಲ್ಲ ಕಣೇ," ಎನ್ನುತ್ತಿದ್ದರು. ಅವರು ಹೋದ ಮೇಲೆ ನಿಮ್ಮ ತಾತನೂ ಅದನ್ನೇ ಹೇಳುತ್ತಿದ್ದರು. ಅವರೂ ಹೋದ ಮೇಲೆ ಹೇಳುವವರು ಬೇಕಾಗಲಿಲ್ಲ, ಕೈಗೇ ಬಂದುಬಿಟ್ಟಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮಾಡಿದ ಕೆಲಸ ಇಷ್ಟೇ: ಒಳ್ಳೆಯದನ್ನು ಆರಿಸುವುದು, ಬಾಡದಂತೆ ನೋಡಿಕೊಳ್ಳುವುದು.

ಆಮೇಲೆ ನಮ್ಮ ಪಕ್ಕದ ಜಮೀನನ್ನು ಹೊರಗಿನವರು ಯಾರೋ ಗುತ್ತಿಗೆಗೆ ಹಿಡಿದು ಹೂವು ಬೆಳೆದರು. ಅವರು ಹೊಡೆದ ಔಷಧಿ ಗಾಳಿಗೆ ಹಾರಿ ನಮ್ಮ ಸೊಪ್ಪಿನ ಮೇಲೆ ಕೂತಿತು. ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು ಎದ್ದು ಗಬಗಬನೆ ತಿನ್ನಬೇಕಾಗಿದ್ದ ಹುಳಗಳು ತಲೆ ಆಡಿಸುತ್ತಾ ಹಸಿರು ಕಕ್ಕಿ ಬಿದ್ದವು. ಮುಂದಿನ ಬೆಳೆಗೂ ಹಾಗೇ ಆಯಿತು. ಆಗ ನಿಮ್ಮಮ್ಮ ಹೇಳಿದಳು, ಇನ್ನು ಹುಳ ಬೇಡ, ಹಸು ಕಟ್ಟೋಣ ಎಂದು. ನಿಮ್ಮಪ್ಪ ಟೊಮೆಟೊ ತುಂಬಿಕೊಂಡು ಟೆಂಪೊ ಓಡಿಸುವವನು, ಮನೆಯಲ್ಲಿ ಇರುವುದೇ ಕಡಿಮೆ. ಅವನು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಅವಳೇ ಓಡಾಡಿ ನಾಲ್ಕು ಸೀಮೆ ಹಸು ತಂದಳು. ಹುಳದ ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ಅಟ್ಟಕ್ಕೇರಿಸಿ ಆ ಮನೆಗೆ ಗೊಂತು ಕಟ್ಟಿಸಿದಳು.

ನಿಮ್ಮಮ್ಮ ಹತ್ತನೇ ಕ್ಲಾಸು ಮುಗಿಸಿದವಳು. ಯಾವ ಕೆಲಸ ಹಿಡಿದರೂ ಯಾಕೆ, ಏನು ಎಂದು ಕೇಳಿ ತಿಳಿದುಕೊಂಡೇ ಮಾಡುವವಳು. ಚಿಂತಾಮಣಿಯ ಹತ್ತಿರ ಮೂರು ದಿನದ ತರಬೇತಿಗೆ ಹೋಗಿ ರಸಮೇವು ಮಾಡುವುದನ್ನು ಕಲಿತು ಬಂದಳು. ಮುಸುಕಿನ ಜೋಳವನ್ನು ಕಾಳು ಗಟ್ಟಿಯಾಗುವ ಮುಂಚೆ, ಗಿಡ ಹಸಿರಾಗಿರುವಾಗಲೇ ಕೊಯ್ದು, ಚೂರು ಮಾಡಿ, ಗುಂಡಿಯಲ್ಲಿ ತುಳಿದು ತುಂಬಿ, ಗಾಳಿಯಾಡದಂತೆ ಟಾರ್ಪಾಲು ಮುಚ್ಚಿ ಮಣ್ಣು ಹಾಕುವುದು. ಒಂದೂವರೆ ತಿಂಗಳಲ್ಲಿ ಅದು ದೋಸೆ ಹಿಟ್ಟಿನ ಹಾಗೆ ಹುಳಿಯುತ್ತದೆ. ಬೇಸಿಗೆ ಪೂರ್ತಿ ಹಸುಗಳಿಗೆ ಹಸಿ ಮೇವಿನ ಹಾಗೆಯೇ ಹಾಕಬಹುದು. ಆದರೆ ಎಲ್ಲವೂ ನೀರಿನ ಮೇಲೆ ನಿಂತಿದೆ ಎಂದಳು. ಮೇವು ತೀರ ಒಣಗಿದ್ದರೆ ಒಳಗೆ ಗಾಳಿ ಉಳಿದು ಬೂಷ್ಟು ಬರುತ್ತದೆ. ತೀರ ಹಸಿಯಾಗಿದ್ದರೆ ಹುಳಿಯುವುದರ ಬದಲು ಕೊಳೆಯುತ್ತದೆ. ನೂರು ಗ್ರಾಂ ಮೇವಿನಲ್ಲಿ ಅರವತ್ತೈದರಿಂದ ಎಪ್ಪತ್ತು ಗ್ರಾಂ ನೀರಿರಬೇಕು, ಅಷ್ಟೇ.

ಅದನ್ನು ಅಳೆಯಲು ಅವಳು ಶಿಡ್ಲಘಟ್ಟದಲ್ಲಿ ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡಳು. ನಾನೂ ಜೊತೆಗಿದ್ದೆ. ರೇಷ್ಮೆ ನೂಲು ತೆಗೆಯುವವರಿಗೆ ತಕ್ಕಡಿ ಮಾರುವ ಸಾಬರ ಅಂಗಡಿ ಅದು.

"ಬಂಗಾರಕ್ಕಾ ಅಮ್ಮಾ, ನೂಲಿಗಾ?" ಎಂದು ಅವರು ಕೇಳಿದರು.

"ಹಸು ಮೇವಿಗೆ," ಎಂದಳು ಇವಳು.

"ಗ್ರಾಂ ಲೆಕ್ಕದಾಗೆ ತಿನ್ನುತ್ತಾ ನಿಮ್ ಹಸು? ನಮ್ ಮನೇಗೂ ಅಂಥದ್ದೊಂದು ಕೊಡಿಸಿ ತಾಯಿ."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಅವಳು ನಗಲಿಲ್ಲ. ತಕ್ಕಡಿಯ ಮೇಲೆ ತನ್ನ ಬಳೆಯನ್ನು ಇಟ್ಟು, ತೆಗೆದು, ಮತ್ತೆ ಇಟ್ಟು, ಎರಡು ಸಲವೂ ಒಂದೇ ಅಂಕಿ ಬಂದ ಮೇಲೆಯೇ ಕೊಂಡಳು.

ಮನೆಗೆ ಬಂದು ಮಾಡಿ ತೋರಿಸಿದಳು. ಮೇವಿನ ಚೂರು ಸರಿಯಾಗಿ ನೂರು ಗ್ರಾಂ ತೂಗಿ ಕಬ್ಬಿಣದ ಬಾಣಲೆಗೆ ಹಾಕುವುದು. ಸಣ್ಣ ಉರಿ. ಸೀಯದಂತೆ ಕೈಯಾಡಿಸುತ್ತಾ ಇರುವುದು. ಆಗಾಗ ತಟ್ಟೆಗೆ ಸುರಿದು ತೂಗಿ ಮತ್ತೆ ಬಾಣಲೆಗೆ ಹಾಕುವುದು. ಎರಡು ಸಲ ತೂಗಿದಾಗಲೂ ಒಂದೇ ತೂಕ ಬಂದರೆ ನೀರೆಲ್ಲ ಹೋಯಿತೆಂದು ಲೆಕ್ಕ. ಮೂವತ್ತೈದು ಗ್ರಾಂ ಉಳಿದರೆ ಹೋದದ್ದು ಅರವತ್ತೈದು, ಅದೇ ನೀರು. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು, "ಏನಮ್ಮಾ, ಮೇವಿಗೂ ಒಗ್ಗರಣೆನಾ? ಸಾಸಿವೆ ಹಾಕಿದ್ಯಾ ಇಲ್ವಾ?" ಎಂದು ಕೇಳಿ ಊರೆಲ್ಲ ಹೇಳಿಕೊಂಡು ಬಂದಳು. ಮೇವನ್ನೂ ರೋಗಿಯ ಹಾಗೆ ಪರೀಕ್ಷೆ ಮಾಡುವ ಬಾಣಲೆ ಆಸ್ಪತ್ರೆ ಎಂಬ ಹೆಸರು ಹುಟ್ಟಿದ್ದು ಆವತ್ತು.

ಆದರೆ ಆ ಮೊದಲನೇ ವರ್ಷ ಗುಂಡಿ ತೆಗೆದಾಗ ಯಾರೂ ನಗಲಿಲ್ಲ. ಹದವಾಗಿ ಹುಳಿತ ಮೇವು ಹೊಂಬಣ್ಣಕ್ಕೆ ತಿರುಗಿತ್ತು. ಹುಳಿ ಮಜ್ಜಿಗೆಯಲ್ಲಿ ಬೆಲ್ಲ ಕದಡಿದಂಥ ವಾಸನೆ. ಹಸುಗಳು ಗೊಂತಿನಿಂದ ಕತ್ತು ಚಾಚಿ ಕೂಗಿದವು. ಬೇಸಿಗೆಯಲ್ಲೂ ಹಾಲು ಇಳಿಯಲಿಲ್ಲ. ಎದುರು ಮನೆಯಾಕೆಯೇ ಬಂದು, ನಮ್ಮ ಮೇವನ್ನೂ ಒಂದಿಷ್ಟು ಅಳೆದುಕೊಡಮ್ಮ ಎಂದಳು. ನಿಮ್ಮಮ್ಮ ಆ ದಿನಗಳಲ್ಲಿ ನಡೆಯುತ್ತಿದ್ದ ರೀತಿಯೇ ಬೇರೆ. ಡೈರಿಗೆ ಹಾಲಿನ ಕ್ಯಾನು ಎತ್ತಿಕೊಂಡು ಹೋಗುವಾಗ ಬೀದಿಯ ಮಧ್ಯದಲ್ಲಿ ನಡೆಯುತ್ತಿದ್ದಳು. ನಾನು ಈ ಊರಿಗೆ ಬಂದು ಇಷ್ಟು ವರ್ಷವಾದರೂ ಇನ್ನೂ ಗೋಡೆ ಪಕ್ಕ ನಡೆಯುವವಳು. ಅವಳನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತಿತ್ತು.

ಎರಡನೇ ವರ್ಷ ಜೋಳದ ಕಾಳು ಇನ್ನೂ ಹಾಲಾಗಿರುವಾಗಲೇ ಗಾಳಿ ಮಳೆಗೆ ಹೊಲ ಪೂರ್ತಿ ಮಲಗಿಬಿಟ್ಟಿತು. ಬಿದ್ದ ಜೋಳ ನೆಲದಲ್ಲೇ ಕೊಳೆಯುತ್ತದೆ, ಕೊಯ್ಯದೆ ದಾರಿಯಿರಲಿಲ್ಲ. ನಿಮ್ಮಮ್ಮ ಆಳು ಹಚ್ಚಿ ಕೊಯ್ಯಿಸಿ, ಅಳೆದು ನೋಡಿದಳು. ನೂರಕ್ಕೆ ಇಪ್ಪತ್ತೆರಡು ಗ್ರಾಂ ಮಾತ್ರ ಉಳಿಯಿತು. ಬರೀ ನೀರು. ಕೊಯ್ದದ್ದನ್ನು ಹೊಲದಲ್ಲೇ ತೆಳ್ಳಗೆ ಹರಡಿ ಎರಡು ದಿನ ಬಿಸಿಲಿಗೆ ಬಾಡಲು ಬಿಡೋಣ, ಮೂವತ್ತನಾಲ್ಕು, ಮೂವತ್ತೈದಕ್ಕೆ ಬಂದ ಮೇಲೆ ಮೇವು ಕತ್ತರಿಸುವ ಯಂತ್ರದವನನ್ನು ಕರೆಯೋಣ ಎಂದಳು. ಮಳೆ ನಿಂತು ಬಿಸಿಲೂ ಚೆನ್ನಾಗಿ ಬಂದಿತ್ತು.

ಅಂದು ಮಧ್ಯಾಹ್ನವೇ ಗೌರಿಬಿದನೂರಿನಿಂದ ಫೋನು ಬಂತು. ನಿಮ್ಮ ಅಮ್ಮನ ಅಪ್ಪನಿಗೆ ಒಂದು ಪಕ್ಕ ಬಿದ್ದುಹೋಗಿ ಆಸ್ಪತ್ರೆಗೆ ಸೇರಿಸಿದ್ದರು. ಅವಳು ಒಂದು ಚೀಲಕ್ಕೆ ಎರಡು ಸೀರೆ ತುರುಕಿಕೊಂಡಳು. ಬಸ್ಸಿಗೆ ಹೊರಡುವ ಆ ಗಡಿಬಿಡಿಯಲ್ಲೂ ನನ್ನನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಹೇಳಿದಳು:

"ಅತ್ತೆ, ನಾಳಿದ್ದು ಮಧ್ಯಾಹ್ನ ನೀವೇ ಅಳೀಬೇಕು. ಹತ್ತು ಕಡೆಯಿಂದ ತಗೊಳ್ಳಿ. ಈ ತುದಿ, ಆ ತುದಿ, ನೆರಳು ಬೀಳೋ ಕಡೆ, ರಾಶಿ ಕೆಳಗಡೆ, ಎಲ್ಲಾದ್ರಲ್ಲೂ ಒಂದೊಂದು ದಂಟು. ಎಲ್ಲ ಸಣ್ಣಗೆ ಕೊಚ್ಚಿ, ಕಲ್ಸಿ, ಆಮೇಲೆ ನೂರು ಗ್ರಾಂ. ಆರಿಸ್ಬೇಡಿ. ಕಣ್ಣು ಮುಚ್ಕೊಂಡು ಕೈ ಹಾಕ್ದಂಗೆ ತಗೊಳ್ಳಿ. ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ನಿಜವಾಗಿಯೂ ಗೊತ್ತಾಗಿತ್ತು.

ಮೊದಲ ದಿನ ನಾನು ಮೇವಿನ ಹತ್ತಿರ ಹೋಗಲಿಲ್ಲ. ಎರಡನೇ ದಿನ ಬೆಳಿಗ್ಗೆ ಹೋದೆ. ಬಿಸಿಲು ಏರುತ್ತಿತ್ತು. ಹಸಿರಾಗಿದ್ದ ಗರಿಗಳೆಲ್ಲ ಸುರುಳಿ ಸುತ್ತಿಕೊಂಡು ಕಿವಿ ಜೋತುಬಿಟ್ಟ ಹಾಗೆ ಬಿದ್ದಿದ್ದವು. ಬಾಡಲೆಂದೇ ಹರಡಿದ್ದು ಎಂದು ಗೊತ್ತಿತ್ತು. ಗೊತ್ತಿದ್ದರೂ ನನಗೆ ನಿಲ್ಲಲಾಗಲಿಲ್ಲ. ಕೊಯ್ದ ಸೊಪ್ಪು ಕಣ್ಣೆದುರು ಬಾಡುತ್ತಿದ್ದರೆ ಸುಮ್ಮನೆ ನಿಂತು ನೋಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಎಳೆ ಮಗುವನ್ನು ಬಿಸಿಲಲ್ಲಿ ಮಲಗಿಸಿ ಬಂದ ಹಾಗೆ ಆಯಿತು. ಕೆಳಗಿನ ಅರ್ಧ ಹೊಲ ಹೊಂಗೆ ಮರಗಳ ಕಡೆಗಿದೆ, ಅಲ್ಲಿಯ ಮೇವು ಇನ್ನೂ ಹಸಿರಾಗಿತ್ತು. ಅದನ್ನಾದರೂ ಇದ್ದ ಹಾಗೆ ಇಡೋಣ, ತೀರ ಒಣಗಿದರೂ ಬೂಷ್ಟು ಬರುತ್ತದೆ ಎಂದಿದ್ದಳಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಅಟ್ಟದಿಂದ ಹುಳದ ಮನೆಯ ಗೋಣಿತಾಟುಗಳನ್ನು ಇಳಿಸಿ, ನೀರಿನಲ್ಲಿ ಅದ್ದಿ, ಆ ಮೇವನ್ನೆಲ್ಲ ಒಟ್ಟುಮಾಡಿ ಮುಚ್ಚಿದೆ. ತಾಟು ಒಣಗಿದಂತೆಲ್ಲ ನೀರು ಚಿಮುಕಿಸಿದೆ. ಯಾರೂ ನೋಡಲಿಲ್ಲ. ನೋಡಿದ್ದರೆ ಯಾರಾದರೂ ಬೈಯುತ್ತಿದ್ದರು, ಮೇವು ಉಳಿಯುತ್ತಿತ್ತು.

ಮಧ್ಯಾಹ್ನ ಅಳೆಯಲು ಮೇವು ತೆಗೆಯಬೇಕಾಯಿತು. ಮೊದಲು ತಾಟು ಸರಿಸಿ ಮುಚ್ಚಿದ್ದರಲ್ಲಿ ಒಂದು ದಂಟು ಹಿಡಿದೆ. ಅದಕ್ಕೆ ನೀರು ಅಂಟಿತ್ತು, ಒಂದೆರಡು ಗರಿ ಕಪ್ಪಗೆ ಮೆತ್ತಗಾಗಿದ್ದವು. ಇದು ಚೆನ್ನಾಗಿಲ್ಲ ಎಂದು ಕೈ ತಾನಾಗಿಯೇ ಬಿಟ್ಟುಬಿಟ್ಟಿತು. ಆಮೇಲೆ ಮೇಲಿನ ಹೊಲಕ್ಕೆ ಹೋಗಿ ಶುದ್ಧವಾಗಿದ್ದ, ನೆಟ್ಟಗಿದ್ದ ಹತ್ತು ದಂಟು ಆರಿಸಿದೆ. ಹತ್ತು ಎನ್ನುವುದು ನೆನಪಿತ್ತು, ಹತ್ತನ್ನೇ ತೆಗೆದೆ. ಮಣ್ಣು ಒರೆಸಿದೆ. ಕೊಚ್ಚಿ, ಕಲಸಿ, ನೂರು ಗ್ರಾಂ ತೂಗಿ, ಸಣ್ಣ ಉರಿಯಲ್ಲಿ ಸೀಯದಂತೆ ಹುರಿದೆ. ಆರು ಸಲ ತೂಗಿದೆ. ಕೊನೆಯ ಎರಡು ಸಲವೂ ಮೂವತ್ತನಾಲ್ಕು ಬಂತು. ತಕ್ಕಡಿಯಲ್ಲಿ ತಪ್ಪಿಲ್ಲ, ಬಾಣಲೆಯಲ್ಲಿ ತಪ್ಪಿಲ್ಲ, ಒಲೆಯಲ್ಲಿ ತಪ್ಪಿಲ್ಲ. ಆ ಹತ್ತು ದಂಟಿನ ಮಟ್ಟಿಗೆ ಅದು ನಿಜವಾದ ಅಳತೆ. ಹೊಲದ ಅಳತೆ ಅದಲ್ಲ. ಹುಳಕ್ಕೆ ಹಾಕುವ ಸೊಪ್ಪಿನ ಹಾಗೆ ನಾನು ಒಳ್ಳೆಯದನ್ನು ಆರಿಸಿ ತಕ್ಕಡಿಗೆ ಹಾಕಿದ್ದೆ.

ಸಂಜೆ ಅವಳು ಆಸ್ಪತ್ರೆಯಿಂದ ಫೋನು ಮಾಡಿದಳು. ದನಿ ಸೋತಿತ್ತು. ಹಿಂದೆ ಯಾರೋ ಅಳುತ್ತಿದ್ದರು.

"ಎಷ್ಟು ಉಳೀತು ಅತ್ತೆ?"

"ಮೂವತ್ನಾಕು."

"ಹತ್ತು ಕಡೆಯಿಂದ ತಗೊಂಡ್ರಾ?"

"ಹೂಂ," ಎಂದೆ.

ಆ ಹೊತ್ತಿನಲ್ಲಿ ತಾಟು ಮುಚ್ಚಿದ್ದು, ಆರಿಸಿದ್ದು ಎಂದೆಲ್ಲ ಹೇಳಿ ಅವಳನ್ನು ಯಾಕೆ ಕಂಗೆಡಿಸಬೇಕು ಎನ್ನಿಸಿತು. ಹಾಗೆಂದು ನಾನು ಆಮೇಲೆ ಬಹಳ ಸಲ ನನಗೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಅವಳು ಅಷ್ಟು ಸ್ಪಷ್ಟವಾಗಿ ಬೇಡ ಎಂದದ್ದನ್ನೇ ಮಾಡಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಅವಳು, "ಸದ್ಯ ಅತ್ತೆ, ಅದೊಂದಾದ್ರೂ ಸರಿ ಹೋಯ್ತು," ಎಂದು ಫೋನಿಟ್ಟಳು.

ಮಾರನೇ ದಿನ ಬೆಳಿಗ್ಗೆ ಯಂತ್ರದವನು ಟ್ರ್ಯಾಕ್ಟರಿಗೆ ಮಿಷನ್ನು ಕಟ್ಟಿಕೊಂಡು ಬಂದ. ಅವನಿಗೆ ಮಧ್ಯಾಹ್ನದ ಮೇಲೆ ಚಿಂತಾಮಣಿ ಕಡೆ ಬೇರೆ ಕೆಲಸವಿತ್ತು, ಇವತ್ತು ಬಿಟ್ಟರೆ ಇನ್ನು ವಾರದ ಮೇಲೆಯೇ ಬರುವುದು ಎಂದ. ನಿಮ್ಮಪ್ಪ ಟೆಂಪೊ ನಿಲ್ಲಿಸಿ ಮನೆಯಲ್ಲಿಯೇ ಉಳಿದಿದ್ದ. ಮೂವತ್ತನಾಲ್ಕು ಎಂದು ರಾತ್ರಿ ಅವನಿಗೆ ಫೋನಿನಲ್ಲಿ ಹೇಳಿದ್ದು ನಿಮ್ಮಮ್ಮ, ಅವಳೇ ಅಳೆದಿಟ್ಟು ಹೋಗಿದ್ದಾಳೆ ಎಂದುಕೊಂಡಿದ್ದ. ಅವರೆಲ್ಲ ಬರುವ ಮುಂಚೆಯೇ ನಾನು ತಾಟುಗಳನ್ನು ತೆಗೆದು ಹಿತ್ತಲಿಗೆ ಹಾಕಿದ್ದೆ.

ಮೇಲಿನ ಹೊಲದ ಮೇವು ಮಿಷನ್ನಿನಿಂದ ಚೂರಾಗಿ ಹಾರಿ ಗುಂಡಿಗೆ ಬಿದ್ದಾಗ ಎಲ್ಲ ಸರಿಯಾಗಿತ್ತು. ಕೆಳಗಿನ ಹೊಲದ್ದು ಬರತೊಡಗಿದಾಗ ಸದ್ದೇ ಬದಲಾಯಿತು, ಚಪಚಪ ಎಂದು ಬೀಳುತ್ತಿತ್ತು. ನಾನು ಗುಂಡಿಯ ಅಂಚಿನಲ್ಲಿ ಕೂತು ಮೇವು ಹರಡುತ್ತಿದ್ದವಳು ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಒತ್ತಿದೆ. ತಕ್ಕಡಿ ಇಲ್ಲದವರು ಹಾಗೇ ನೋಡುವುದು ಎಂದು ನಿಮ್ಮಮ್ಮ ಹೇಳಿಕೊಟ್ಟಿದ್ದಳು. ಒತ್ತಿ ಬಿಟ್ಟಾಗ ಉಂಡೆ ಮೆಲ್ಲಗೆ ಬಿಚ್ಚಿಕೊಂಡು ಅಂಗೈ ತೇವ ಮಾತ್ರ ಆಗಬೇಕು. ನನ್ನ ಬೆರಳ ಸಂದಿಯಿಂದ ನೀರು ಇಳಿದು ಮಣಿಕಟ್ಟು ದಾಟಿ ಬಳೆಯವರೆಗೆ ಹರಿಯಿತು. ಕೈ ಬಿಚ್ಚಿದರೆ ಉಂಡೆ ಸೆಗಣಿ ಉಂಡೆಯ ಹಾಗೆ ಅಲ್ಲಾಡದೆ ಕೂತಿತ್ತು.

ಆಗ ನನಗೆ ತಿಳಿಯಿತು. ತಿಳಿಯಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಯಂತ್ರದವನೂ ನೋಡಿದ. "ಏನಣ್ಣ, ಹಸಿ ಜಾಸ್ತಿ ಇದ್ದಂಗಿದೆಯಲ್ಲ? ನಿಲ್ಸಣಾ?" ಎಂದು ನಿಮ್ಮಪ್ಪನನ್ನು ಕೇಳಿದ.

ನಿಮ್ಮಪ್ಪ ಮಿಷನ್ನಿಗೆ ದಂಟು ತಳ್ಳುತ್ತಲೇ, "ನಮ್ಮನೆಯೋಳು ಗ್ರಾಂ ಲೆಕ್ಕದಲ್ಲಿ ಅಳ್ದಿದಾಳೆ ಕಣಯ್ಯ. ಮೂವತ್ನಾಕು. ನಿನ್ ಕಣ್ಣು ತಪ್ಪಬೋದು, ಅವಳ್ ಲೆಕ್ಕ ತಪ್ಪಲ್ಲ," ಎಂದ.

ಅವನು ಹೆಂಡತಿಯ ಬಗ್ಗೆ ನಾಲ್ಕು ಜನರ ಮುಂದೆ ಹಾಗೆ ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಆಳುಗಳು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಅಳೆದದ್ದು ನಾನು, ಆ ಕಡೆಯದಕ್ಕೆ ನೀರು ಚಿಮುಕಿಸಿದ್ದೆ, ನಿಲ್ಲಿಸು, ಎಂದು ಹೇಳಲು ಮೂರು ಮಾತು ಸಾಕಿತ್ತು. ಮಿಷನ್ನು ಓಡುತ್ತಿತ್ತು. ಗಂಡಸರು ಕಾಯುತ್ತಿದ್ದರು. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇವು ಹರಡತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರು ಮೇಲೆ ಹರಿದಾಡಿ ತುಳಿದು, ಟಾರ್ಪಾಲು ಮುಚ್ಚಿ, ಮಣ್ಣು ಹಾಕಿ ಮುಗಿಸಿದರು. ಎಲ್ಲರಿಗೂ ನಾನೇ ಅನ್ನ, ಸಾರು ಬಡಿಸಿದೆ.

ಮೂರನೇ ದಿನ ಗುಂಡಿಯ ತಗ್ಗಿನ ಕಡೆಯಿಂದ ಕಂದು ನೀರು ಒಸರತೊಡಗಿತು. ನೊಣ ಮುತ್ತಿತು. ನಾನು ಅದರ ಮೇಲೆ ಒಣ ಮಣ್ಣು ತಂದು ಹಾಕಿದೆ, ಮಾರನೇ ದಿನ ಮಣ್ಣೂ ಕೆಸರಾಯಿತು. ಹತ್ತು ದಿನದ ಮೇಲೆ ನಿಮ್ಮಮ್ಮ ಬಂದಳು. ಅವಳಪ್ಪ ಬದುಕಿದ್ದರು, ಮಾತು ಮಾತ್ರ ಹೋಗಿತ್ತು. ಕಾಲು ತೊಳೆದವಳೇ ಗುಂಡಿಯ ಹತ್ತಿರ ಹೋಗಿ ಒಸರುವುದನ್ನು ನೋಡಿದಳು. ಒಳಗೆ ಬಂದು ತಕ್ಕಡಿ ತೆಗೆದು ಅಕ್ಕಿ ಇಟ್ಟು ತೂಗಿದಳು, ಬೇಳೆ ಇಟ್ಟು ತೂಗಿದಳು, ಅಂಗಡಿಯ ಪೊಟ್ಟಣ ಇಟ್ಟು ತೂಗಿದಳು. ಎಲ್ಲ ಸರಿಯಾಗಿಯೇ ಬಂತು. ನನ್ನನ್ನು ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ತುಂಬಿದ ಗುಂಡಿಯನ್ನು ಬಿಚ್ಚಿದರೆ ಗಾಳಿ ಹೊಕ್ಕು ಇರುವುದೂ ಹೋಗುತ್ತದೆ, ಕಾಯೋಣ ಎಂದಳು.

ಕಾದು ತೆಗೆದಾಗ, ಮಕ್ಕಳೇ, ಆ ವಾಸನೆ ಈಗಲೂ ಒಮ್ಮೊಮ್ಮೆ ಅನ್ನದ ತಟ್ಟೆಯ ಮುಂದೆ ಬರುತ್ತದೆ. ಕೆಟ್ಟ ಬೆಣ್ಣೆಯ ವಾಸನೆ, ವಾಂತಿಯ ವಾಸನೆ. ಮೇಲಿನ ಹೊಲದ ಮೇವು ಅಡಿಗೆ, ಕೆಳಗಿನದು ಮೇಲಕ್ಕೆ ಬಿದ್ದಿತ್ತು. ಮೇಲಿನ ನೀರು ಇಳಿದು ಅಡಿಯದನ್ನೂ ಕೊಳೆಸಿತ್ತು. ಕೈಯಲ್ಲಿ ಹಿಡಿದರೆ ಲೋಳೆ. ಹಸುಗಳು ಮೂಸಿ ಮುಖ ತಿರುಗಿಸಿದವು. ಬೇಸಿಗೆ ಶುರುವಾಗಿತ್ತು, ನಮ್ಮಲ್ಲಿ ಒಂದಿಷ್ಟು ರಾಗಿ ಹುಲ್ಲು ಬಿಟ್ಟರೆ ಬೇರೆ ಮೇವಿರಲಿಲ್ಲ. ನಿಮ್ಮಮ್ಮ ಅದರಲ್ಲಿಯೇ ಕಡಿಮೆ ಕೆಟ್ಟದ್ದನ್ನು ಬಿಸಿಲಿಗೆ ಹರಡಿ ಆರಿಸಿ, ಹುಲ್ಲಿನಲ್ಲಿ ಕಲಸಿ ಹಾಕಿದಳು. ಹಸಿದ ಹಸುಗಳು ಒಂದಿಷ್ಟು ತಿಂದವು.

ಕರು ಹಾಕಿ ಮೂರು ವಾರವಾಗಿದ್ದ ಕಪ್ಪು ಹಸು ಮೊದಲು ಬಿತ್ತು. ಮೇವು ಬಿಟ್ಟಿತು, ನೀರು ಬಿಟ್ಟಿತು, ಹಾಲು ಕೈಬೆರಳಷ್ಟೂ ಬರಲಿಲ್ಲ. ಅದರ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಬರುತ್ತಿತ್ತು. ದನದ ಡಾಕ್ಟರು ಬಂದು ಕತ್ತಿನ ನರಕ್ಕೆ ಗ್ಲೂಕೋಸು ಏರಿಸಿದರು. ಗುಂಡಿಯ ಮೇವನ್ನು ಒಂದು ಸಲ ಮೂಸಿ ನೋಡಿ ದೂರ ಎಸೆದು, ಇದನ್ನು ಇನ್ನು ಯಾವುದಕ್ಕೂ ಹಾಕಬೇಡಿ, ತುಂಬುವಾಗ ನೀರು ನೋಡಿರಲಿಲ್ಲವಾ ಎಂದು ಕೇಳಿದರು.

"ನೋಡಿದ್ದೆ ಸಾರ್," ಎಂದಳು ನಿಮ್ಮಮ್ಮ. ನೋಡಿದ್ದೆವು ಎನ್ನಲಿಲ್ಲ, ಅತ್ತೆ ನೋಡಿದ್ದರು ಎನ್ನಲಿಲ್ಲ. ನಾನು ಗ್ಲೂಕೋಸಿನ ಬಾಟಲಿ ಎತ್ತಿ ಹಿಡಿದು ಅಲ್ಲಿಯೇ ನಿಂತಿದ್ದೆ.

ಮೂರನೇ ದಿನ ಮಧ್ಯಾಹ್ನ ಹಸು ಸತ್ತಿತು. ಉಳಿದ ಮೂರು ಬಡಕಲಾದವು. ಅವನ್ನೂ ಕರುವನ್ನೂ ಚಿಂತಾಮಣಿ ಕಡೆಯವರು ಬಂದು ಅಗ್ಗಕ್ಕೆ ಕೊಂಡು ಹೊಡೆದುಕೊಂಡು ಹೋದರು. ಗುಂಡಿಯ ಮೇವನ್ನು ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ತೋಡಿ ಹೊಲಕ್ಕೆ ಎರಚಿದರು. ಗಾಳಿ ಬೀಸಿದರೆ ವಾಸನೆ ಊರಿಗೆ ಹೋಗುತ್ತಿತ್ತು. ಆಗ ಎದುರು ಮನೆಯಾಕೆ, "ಅಳ್ದೂ ಅಳ್ದೂ ಹಿಂಗ್ ಮಾಡ್ಕೊಂಡ್ಳು ನೋಡು. ನಮ್ಮತ್ತೆ ಕಾಲದಲ್ಲಿ ಹುಲ್ಲಿಗೆ ಯಾರು ತಕ್ಕಡಿ ಹಿಡಿದ್ರು?" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ನಿಮ್ಮಪ್ಪ ಮೊದಲು ನಿಮ್ಮಮ್ಮನ ಮೇಲೆ ಸಿಟ್ಟಾದ, ಆಮೇಲೆ ತಮಾಷೆ ಮಾಡಲು ಕಲಿತ. ಸಿಟ್ಟೇ ಇದ್ದಿದ್ದರೆ ಚೆನ್ನಾಗಿತ್ತು.

ಈಗ ಅವಳು ಹೋಗುತ್ತಿರುವ ಬಟ್ಟೆ ಫ್ಯಾಕ್ಟರಿಗೆ ಸೇರಿದ್ದು ಆಮೇಲೆಯೇ. ಬೆಳಿಗ್ಗೆ ಆರೂವರೆಗೆ ಊರ ಮುಂದೆ ವ್ಯಾನು ಬರುತ್ತದೆ, ಚಿಕ್ಕಬಳ್ಳಾಪುರದ ಕಡೆ ಹೋಗುತ್ತದೆ. ದಿನವಿಡೀ ಅವಳು ಅಂಗಿಗಳ ಕಾಲರು ಹೊಲಿಯುತ್ತಾಳೆ. ಅಳೆದು ಕತ್ತರಿಸುವವರು ಬೇರೆ ಇದ್ದಾರಂತೆ. ಮೊದಲು ಅಳತೆಯ ಕೆಲಸಕ್ಕೇ ಕರೆದಿದ್ದರಂತೆ, ಇವಳೇ ಬೇಡ ಎಂದಳಂತೆ. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಒಂದು ಬೆಳಿಗ್ಗೆ ಅವಳ ಬುತ್ತಿ ಹಿಡಿದುಕೊಂಡು ವ್ಯಾನು ಬರುವ ಅರಳಿ ಕಟ್ಟೆಯವರೆಗೂ ಹೋದೆ. ದಾರಿಯಲ್ಲಿ ಎಲ್ಲವನ್ನೂ ಹೇಳಿದೆ. ಗೋಣಿತಾಟು ಮುಚ್ಚಿದ್ದು, ನೀರು ಚಿಮುಕಿಸಿದ್ದು, ಚೆನ್ನಾಗಿದ್ದ ಹತ್ತು ದಂಟನ್ನೇ ಆರಿಸಿದ್ದು, ಮಿಷನ್ನಿನ ಮುಂದೆ ಒತ್ತಿ ನೋಡಿಯೂ ಬಾಯಿ ಬಿಡದಿದ್ದದ್ದು. ನನ್ನ ಜೀವಮಾನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದೇ ಇಲ್ಲ. ಮಾತು ಹಿಂದು ಮುಂದಾಯಿತು, ನಡುವೆ ಅಳುವೂ ಬಂತು.

ಅವಳು ನಿಂತು ನನ್ನ ಸೆರಗು ಸರಿಮಾಡಿದಳು.

"ಬಿಡಿ ಅತ್ತೆ. ನನ್ ಮುಖ ನೋಡಕ್ಕಾಗ್ದೆ ನೀವು ತಪ್ಪು ಮೈಮೇಲೆ ಹಾಕ್ಕೋತಿದೀರ. ನಿಮ್ಗೆ ಸುಳ್ಳು ಹೇಳಕ್ಕೂ ಬರಲ್ಲ."

"ಸುಳ್ಳಲ್ಲ ಕಣಮ್ಮ, ನಿಜ. ನಾನೇ ಮಾಡಿದ್ದು."

"ಹತ್ತು ಕಡೆಯಿಂದ ತಗೊಂಡೆ ಅಂತ ನೀವೇ ಹೇಳಿದ್ರಿ ಫೋನಲ್ಲಿ. ಅವತ್ತು ನಿಮ್ಗೆ ಸುಳ್ಳು ಹೇಳೋ ಅಗತ್ಯ ಏನಿತ್ತು? ಇವತ್ತಿದೆ," ಎಂದಳು. "ನನ್ ಲೆಕ್ಕಾನೇ ಸರಿಯಿಲ್ಲ ಅತ್ತೆ. ಒಂದ್ಸಲ ಸರಿ ಬಂದಿದ್ದಕ್ಕೆ ನಂಬ್ಕೊಂಡೆ. ಅಷ್ಟೇ."

ವ್ಯಾನು ಬಂತು. ಕಿಟಕಿ ಪಕ್ಕ ಕೂತವಳು ನನಗೆ ಕೈ ಬೀಸಿದಳು, ಅಳುತ್ತಿದ್ದ ಮಗುವನ್ನು ಸಮಾಧಾನ ಮಾಡಿ ಹೊರಟವರ ಹಾಗೆ. ಆಮೇಲೆ ಇನ್ನೆರಡು ಸಲ ಆ ಮಾತು ಎತ್ತಿದೆ. ಮೊದಲ ಸಲ ನನಗೆ ಕಾಫಿ ಮಾಡಿಕೊಟ್ಟಳು. ಎರಡನೇ ಸಲ, ಅತ್ತೆ, ಇನ್ನು ಆ ಮಾತು ಬೇಡ, ನನಗೆ ಆಗುವುದಿಲ್ಲ ಎಂದಳು. ನಿಮ್ಮಪ್ಪನಿಗೂ ಹೇಳಿ ನೋಡಿದೆ. ಅವನು ಮೊಬೈಲಿನಿಂದ ಕಣ್ಣು ತೆಗೆಯದೆ, ಆಗಿದ್ದು ಆಯ್ತು ಬಿಡಮ್ಮ ಎಂದ. ನಾನು ಇಡೀ ಜೀವನ ಎಲ್ಲರಿಗೂ ಹೂಂ ಎಂದುಕೊಂಡು ಬಂದವಳು. ನಾನು ಒಂದು ಸಲ ಅಲ್ಲ ಎಂದರೆ ಈ ಮನೆಯಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ನೀವು ಓದಿದವರು. ನಿಮ್ಮಮ್ಮನ ಅಳತೆ ಸರಿಯಾಗಿತ್ತು. ಮೊದಲ ವರ್ಷವೂ ಸರಿಯಾಗಿತ್ತು, ಎರಡನೇ ವರ್ಷ ಅವಳು ಹೇಳಿದಂತೆ ಮಾಡಿದ್ದರೆ ಆಗಲೂ ಸರಿಯಾಗಿಯೇ ಇರುತ್ತಿತ್ತು. ಇದನ್ನು ನೀವು ಅವಳಿಗೆ ಓದಿ ಹೇಳಿದರೂ ಅವಳು ನಂಬುವುದಿಲ್ಲ, ಅಜ್ಜಿ ನನ್ನ ಮೇಲಿನ ಪ್ರೀತಿಗೆ ಬರೆದಿದ್ದಾರೆ ಎನ್ನುತ್ತಾಳೆ. ಆದರೂ ನೀವಾದರೂ ತಿಳಿದುಕೊಂಡಿರಿ.

ಭಾನುವಾರ ಅವಳಿಗೆ ರಜೆ, ಅಡಿಗೆ ಅವಳೇ ಮಾಡುತ್ತಾಳೆ. ಮುದ್ದೆಗೆ ಎಸರಿಟ್ಟು ಒಲೆಯ ಮುಂದೆ ನಿಂತು ನನ್ನನ್ನು ಕರೆಯುತ್ತಾಳೆ. "ಅತ್ತೆ, ಇಷ್ಟು ನೀರಿಗೆ ಎಷ್ಟು ಹಿಟ್ಟು ಹಾಕ್ಲಿ?" ಈ ಮನೆಗೆ ಬಂದ ದಿನದಿಂದ ಮುದ್ದೆ ತೊಳಸಿದವಳು ಅವಳು. ಸಾರಿಗೆ ಉಪ್ಪು ಹಾಕುವ ಮುಂಚೆ ಅಂಗೈಯಲ್ಲಿ ಉಪ್ಪು ಹಿಡಿದು ನನ್ನ ಮುಂದೆ ಚಾಚುತ್ತಾಳೆ, ಸಾಕಾ ನೋಡಿ ಎನ್ನುತ್ತಾಳೆ. ನನ್ನನ್ನು ಕೇಳಬೇಡ ಎನ್ನಲು ನನ್ನ ಬಾಯಿ ಏಳುವುದಿಲ್ಲ. ನೋಡಿ, ಸಾಕು ಎನ್ನುತ್ತೇನೆ. ಅವಳು ಹಾಕುತ್ತಾಳೆ.